ಒಡ್ಡು ಕಟ್ಟುವವರು, ಮರಳು ನಂಬಿದವರು

ಬೀವರ್‌ಗೆ ಕನ್ನಡದಲ್ಲಿ ಸ್ವಂತ ಹೆಸರಿಲ್ಲ. ನಮ್ಮ ಹೊಳೆಗಳಲ್ಲಿ ಅದು ಯಾವತ್ತೂ ಇರಲಿಲ್ಲವಲ್ಲ. ಕೆಲವರು ನೀರುನಾಯಿ ಎಂದುಬಿಡುತ್ತಾರೆ. ನೀರುನಾಯಿ ಕಾವೇರಿಯಲ್ಲಿ ಮೀನು ಹಿಡಿಯುವ ಬೇಟೆಗಾರ. ಬೀವರ್ ಮೀನು ಮುಟ್ಟದ ಅಪ್ಪಟ ಸಸ್ಯಾಹಾರಿ. ತೊಗಟೆ ಅದರ ಊಟ, ತಿಂದುಳಿದ ಕೊಂಬೆ ಹೊಳೆಗೆ ಅಡ್ಡ ಕಟ್ಟುವ ಒಡ್ಡಿಗೆ ಸಾಮಾನು.

ತುಪ್ಪಳಕ್ಕೆ, ಮಾಂಸಕ್ಕೆ, ಬಾಲದ ಬುಡದ ಚೀಲದಲ್ಲಿರುವ ಘಮದ ದ್ರವ್ಯಕ್ಕೆ ಅದನ್ನು ಎಷ್ಟು ಕೊಂದರೆಂದರೆ, 20ನೇ ಶತಮಾನ ಶುರುವಾಗುವಾಗ ಯುರೋಪ್, ಏಷ್ಯಾ ಎರಡೂ ಸೇರಿ ಉಳಿದದ್ದು ಸುಮಾರು 1,200. ಈಗ ಹತ್ತು ಲಕ್ಷ ದಾಟಿದೆ. ಬೇಟೆ ನಿಲ್ಲಿಸಿ, ಹಿಡಿದು ತಂದು ಹೊಳೆಗೆ ಬಿಟ್ಟರು, ಅಷ್ಟೇ. ಸ್ಕಾಟ್‌ಲೆಂಡಿನ ನ್ಯಾಪ್‌ಡೇಲ್ ಕಾಡಿಗೆ 2009ರಲ್ಲಿ ನಾರ್ವೆಯಿಂದ ತಂದರು. ಅಮೆರಿಕದ ಐಡಹೊದವರು ಇನ್ನೂ ಭಂಡರು: 1948ರಲ್ಲಿ ಅಲ್ಲಿನ ಸೋದರ ಜಾತಿಯ 76 ಬೀವರ್‌ಗಳನ್ನು ಪೆಟ್ಟಿಗೆಗೆ ತುಂಬಿ, ಪ್ಯಾರಾಚೂಟ್ ಕಟ್ಟಿ, ವಿಮಾನದಿಂದ ಕಾಡಿಗೆ ಇಳಿಸಿದರು. ಸತ್ತದ್ದು ಒಂದೇ. ಉಳಿದವು ಹಳ್ಳ ಹುಡುಕಿಕೊಂಡು ಕೆಲಸಕ್ಕೆ ಕೂತವು.

ಕಡಲಾಮೆಯ ಹತ್ತಿರ ಹೀಗೆ ಹಿಡಿದು ತಂದು ಬಿಡುವ ಆಟ ನಡೆಯುವುದಿಲ್ಲ. ನನ್ನ ಒಲವು ಆಮೆಯ ಕಡೆಗಿರುವುದಕ್ಕೂ ಅದೇ ಕಾರಣವಿರಬೇಕು. ಹೊನ್ನಾವರದ ಕಾಸರಕೋಡಿನಂಥ ದಂಡೆಗೆ ಆಲಿವ್ ರಿಡ್ಲೆ ಹೆಣ್ಣು ರಾತ್ರಿ ಏರಿಬಂದು, ಹಿಂಗಾಲಲ್ಲಿ ಗುಂಡಿ ತೋಡಿ, ನೂರರಷ್ಟು ಮೊಟ್ಟೆ ಇಟ್ಟು, ಮುಚ್ಚಿ, ಕಡಲಿಗೆ ಇಳಿದುಬಿಡುತ್ತದೆ. ಬೀವರ್ ಮರಿ ಎರಡು ವರ್ಷ ಅಪ್ಪ ಅಮ್ಮನ ಜೊತೆಗಿರುತ್ತದೆ. ಆಮೆಮರಿಗೆ ಬಾಣಂತನವೆಲ್ಲ ಮರಳಿನದೇ. ಗಂಡೋ ಹೆಣ್ಣೋ ಎಂಬುದನ್ನೂ ಆ ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಕಾವು ಏರಿದಷ್ಟೂ ಹೆಣ್ಣು ಜಾಸ್ತಿ. ಒಡೆದು ಬಂದ ಮರಿ ಬೆಳೆದು ಮೊಟ್ಟೆ ಇಡಬೇಕಾದರೆ ಹತ್ತು ಹದಿನೈದು ವರ್ಷ. ಅಷ್ಟು ದಿನ ದಂಡೆ ದಂಡೆಯಾಗಿಯೇ ಇರಬೇಕು. ಅಲ್ಲಿ ಕಲ್ಲು ಸುರಿದು ತಡೆಗೋಡೆ ಕಟ್ಟಿದರೆ ತೋಡಲು ಮರಳೆಲ್ಲಿ? ಕಾಸರಕೋಡು ಟೊಂಕದ ಮೀನುಗಾರರು ಅಲ್ಲಿ ಕಟ್ಟಲು ಹೊರಟ ಬಂದರನ್ನು ವಿರೋಧಿಸಿದಾಗ ಮುಂದಿಟ್ಟ ವಾದಗಳಲ್ಲಿ ಈ ಮೊಟ್ಟೆಗಳೂ ಇದ್ದವು.

ಕಡಲೊಳಗಿನ ಕಷ್ಟ ಬೇರೆ. ಆಮೆ ಉಸಿರಿಗೆ ಮೇಲೆ ಬರಲೇಬೇಕು. ಟ್ರಾಲರ್ ಬಲೆಯಲ್ಲಿ ಸಿಕ್ಕರೆ ಮುಳುಗಿ ಸಾಯುತ್ತದೆ. ಆಮೆ ನುಸುಳಿ ಹೋಗಲು ಕಿಂಡಿ ಇರುವ ಬಲೆ ನಮ್ಮಲ್ಲಿ ಬಳಕೆಯಲ್ಲಿಲ್ಲವೆಂದು ಅಮೆರಿಕ 2019ರಲ್ಲಿ ನಮ್ಮ ಕಡಲ ಸಿಗಡಿಯ ಆಮದನ್ನೇ ನಿಲ್ಲಿಸಿತು.

ಈ ಚಳಿಗಾಲ ಕಾಸರಕೋಡಿನ ದಂಡೆಯ ಕಡೆ ಹೋಗುವವರು ಟಾರ್ಚ್ ಮನೆಯಲ್ಲೇ ಬಿಡಿ. ಆಮೆ ಕಾಣುವುದು ಅದೃಷ್ಟ. ನಸುಕಿನಲ್ಲಿ ಎದ್ದರೆ ಮರಳಿನ ಮೇಲೆ ಟ್ರ್ಯಾಕ್ಟರ್ ಚಕ್ರ ಉರುಳಿದಂಥ ಗುರುತು ಸಿಕ್ಕೀತು, ಭರತ ಬಂದು ಅಳಿಸುವ ಮುಂಚೆ.