ಚಿನ್ನದ ಚರಿತ್ರೆ, ಗಣಿಯ ಜನಪದ: ಕೆ.ಜಿ.ಎಫ್. ಕಥನದ ಮರುಪರಿಶೀಲನೆ

ಕೋಲಾರ ಚಿನ್ನದ ಗಣಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮೂರು ಘಟ್ಟಗಳನ್ನು ಗುರುತಿಸುತ್ತಾರೆ: 1880ರಲ್ಲಿ ಜಾನ್ ಟೇಲರ್ ಕಂಪನಿಯ ಪ್ರವೇಶ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದು. ಈ ಕಥನದಲ್ಲಿ ಕಂಪನಿ, ಯಂತ್ರ ಮತ್ತು ಬಂಡವಾಳಗಳೇ ಕರ್ತೃಗಳು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದವರು ಅಂಕಿಸಂಖ್ಯೆಗಳಾಗಿ ಮಾತ್ರ ಉಳಿಯುತ್ತಾರೆ. ಈ ಕೊರತೆಯನ್ನು ತುಂಬಬೇಕಾಗಿದ್ದ ಜಾನಪದ ಅಧ್ಯಯನವೂ ತನ್ನದೇ ಮಿತಿಗಳಿಂದಾಗಿ ಈ ನಗರವನ್ನು ಬಹುಮಟ್ಟಿಗೆ ಹೊರಗಿಟ್ಟಿತು ಎಂಬುದು ಪ್ರಸ್ತುತ ಬರಹದ ನಿಲುವು.

ಈ ಚರಿತ್ರೆಯ ಮೊದಲ ಪುಟವೇ ಜನಪದರ ತಿಳಿವಳಿಕೆಗೆ ಋಣಿಯಾಗಿದೆ. 1802ರಲ್ಲಿ ಮೋಜಣಿ ಕಾರ್ಯದಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಇಲ್ಲಿ ಚಿನ್ನವಿದೆಯೆಂಬ ಸಂಗತಿಯನ್ನು ತಿಳಿದದ್ದು ಊರವರ ಬಾಯಿಂದ. ಉರಿಗಾಂ ಗ್ರಾಮದವರು ಮಣ್ಣನ್ನು ತಂದು, ಅವನ ಎದುರಿನಲ್ಲೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಆದರೆ ನಂತರದ ಬರಹಗಳಲ್ಲಿ ನೋಡಿದವನು ಶೋಧಕನಾದನು, ತೋರಿಸಿದವರು ಹೆಸರಿಲ್ಲದವರಾದರು.

ನಮ್ಮ ಶಿಸ್ತಿನ ಮಿತಿಯನ್ನೂ ಇಲ್ಲಿ ಪರಿಶೀಲಿಸಬೇಕು. ‘ಜನಪದ’ವೆಂದರೆ ಗ್ರಾಮ, ಅದರ ಭಾಷೆ ಕನ್ನಡ ಎಂಬ ಗ್ರಹಿಕೆ ಸಂಗ್ರಹಕಾರ್ಯವನ್ನು ದೀರ್ಘಕಾಲ ನಿರ್ದೇಶಿಸಿತು. ಕೆ.ಜಿ.ಎಫ್. ಈ ಎರಡೂ ಚೌಕಟ್ಟುಗಳಿಗೆ ಒಗ್ಗುವುದಿಲ್ಲ. ನೆಲದಾಳದಲ್ಲಿ ದುಡಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು ಮೊದಲಾದ ಕಡೆಗಳಿಂದ ವಲಸೆ ಬಂದ ತಮಿಳು ದಲಿತರು. ತೆಲುಗು ಮಾತನಾಡುವವರೂ ಇದ್ದರು. ಹೀಗಾಗಿ ನಗರವೆಂಬ ಕಾರಣಕ್ಕೆ ಒಮ್ಮೆ, ಭಾಷೆಯ ಕಾರಣಕ್ಕೆ ಮತ್ತೊಮ್ಮೆ ಅವರು ಕನ್ನಡ ಸಂಶೋಧನೆಯ ಕಣ್ಣಿಗೆ ಬೀಳಲಿಲ್ಲ.

ಇದರಿಂದಾದ ನಷ್ಟಕ್ಕೆ ಎರಡು ನಿದರ್ಶನಗಳನ್ನು ನೀಡಬಹುದು. 1930ರಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಹೊಸ ಪದ್ಧತಿಯ ವಿರುದ್ಧ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬದುಕನ್ನು ಚರಿತ್ರೆಯ ದೃಷ್ಟಿಯಿಂದ ಚರ್ಚಿಸಿದೆ. ಮುಷ್ಕರದಂಥ ಅನುಭವವನ್ನು ಮನೆಮಾತಿನ ನೆನಪುಗಳಲ್ಲಿ ಹುಡುಕುವ ಕೆಲಸ ಜಾನಪದ ತಜ್ಞರದಾಗಿತ್ತು. ಎರಡನೆಯದು ಇನ್ನೂ ಮುಖ್ಯವಾದುದು. ಅಯೋತಿದಾಸ ಪಂಡಿತರ (1845–1914) ಬೌದ್ಧ ಚಳವಳಿ ಇಲ್ಲಿನ ಕಾರ್ಮಿಕ ಬಡಾವಣೆಗಳಲ್ಲಿ ಬೇರೂರಿತ್ತು. ಅವರ ‘ತಮಿಳನ್’ ಪತ್ರಿಕೆ 1926ರಲ್ಲಿ ಮರುಹುಟ್ಟು ಪಡೆದದ್ದು ಈ ಗಣಿನಗರದಿಂದಲೇ. ಗಣಿ ಕಾರ್ಮಿಕರು ಅಕ್ಷರದಿಂದ ದೂರವಿದ್ದ ಮೂಕಸಮೂಹವೆಂಬ ಗ್ರಹಿಕೆಯನ್ನು ಈ ಒಂದು ಸಂಗತಿಯೇ ಅಲ್ಲಗಳೆಯುತ್ತದೆ. ಜನಪದವನ್ನು ಕೇವಲ ಮೌಖಿಕವೆಂದು ಭಾವಿಸುವ ನಮಗೂ ಇದೊಂದು ಎಚ್ಚರಿಕೆ.

2018ರಲ್ಲಿ ತೆರೆಕಂಡ ಚಲನಚಿತ್ರದಿಂದ ಕೆ.ಜಿ.ಎಫ್. ಎಂಬ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ ಅದರ ಗಣಿಯೂ ನಾಯಕನೂ ಕಲ್ಪಿತ. ನಿಜವಾದ ಗಣಿ ಕುಟುಂಬಗಳ ಹೊಸ ತಲೆಮಾರಿನ ಅನೇಕರು ದುಡಿಮೆಗಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದಾರೆ. ಆಳದ ಕತ್ತಲೆಯನ್ನು ಕಂಡ ತಲೆಮಾರು ಕಣ್ಮರೆಯಾಗುತ್ತಿದೆ. ಹರಕೆ, ಶೋಕಗೀತೆ, ದುರಂತಗಳ ನೆನಪು, ಕೆಲಸದ ಪರಿಭಾಷೆ ಇವುಗಳನ್ನು ಅವರವರ ಭಾಷೆಯಲ್ಲಿಯೇ ದಾಖಲಿಸಿ, ತಮಿಳು ಮುದ್ರಿತ ಆಕರಗಳೊಂದಿಗೆ ಹೋಲಿಸಿ ಓದುವುದು ತುರ್ತಿನ ಕಾರ್ಯ. ಕರ್ನಾಟಕದ ಜಾನಪದವೆಂದರೆ ಕನ್ನಡದ ಜಾನಪದವಷ್ಟೇ ಅಲ್ಲವೆಂದು ಒಪ್ಪಿದಾಗ ಮಾತ್ರ ಈ ಕಾರ್ಯ ಆರಂಭವಾದೀತು.