ಸೊನ್ನೆ ಪಾಯಿಂಟ್ ಎಂಟು

ತುಮಕೂರಿನಲ್ಲಿ ಬಸ್ಸು ಹತ್ತಿ ಪಕ್ಕದಲ್ಲಿ ಕೂತವಳು ಹೆಬ್ಬೂರಿನಲ್ಲಿ ಇಳಿಯುವಷ್ಟರಲ್ಲಿ ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದಳು. ವಯಸ್ಸು 27, ಮದುವೆಯಾಗಿ ಎರಡು ವರ್ಷ. ಪ್ಲಾಸ್ಟಿಕ್ ಕವರಿನಿಂದ ಲ್ಯಾಬ್ ರಿಪೋರ್ಟ್ ತೆಗೆದು, ಯಾರೋ ಪೆನ್ನಿನಲ್ಲಿ ಸುತ್ತು ಹಾಕಿದ್ದ ಅಂಕಿಯ ಮೇಲೆ ಬೆರಳಿಟ್ಟಳು. ಎಎಂಎಚ್, 0.8.

“ಅಕ್ಕ, ಮೊಟ್ಟೆ ಮುಗ್ದೋಗ್ತಾ ಅವಂತೆ. ಈಗ್ಲೇ ಐವಿಎಫ್ ಮಾಡಿಸ್ದೆ ಇದ್ರೆ ಆಮೇಲೆ ಆಗಕಿಲ್ವಂತೆ.”

“ನಿಮ್ಮ ಮನೆಯವ್ರಿಗೆ ಟೆಸ್ಟ್ ಮಾಡಿದ್ರಾ?”

“ಅವ್ರಿಗೇನಾಗದೆ ಅಕ್ಕ, ಚೆನ್ನಾಗವ್ರೆ.”

ಪುಸ್ತಕಗಳನ್ನು, ಸಿನಿಮಾಗಳನ್ನು ವಿಮರ್ಶೆ ಮಾಡುತ್ತೇವೆ. ಒಂದು ಸಂಸಾರದ ತೋಟವನ್ನೋ ಒಡವೆಯನ್ನೋ ಅಡವಿಡಿಸುವ ಶಕ್ತಿಯಿರುವ, ಲ್ಯಾಬ್ ರಿಪೋರ್ಟ್ ಎಂಬ ಈ ಒಂದು ಸಾಲಿನ ಬರಹವನ್ನು ಮಾತ್ರ ಯಾರೂ ವಿಮರ್ಶಿಸುವುದಿಲ್ಲ. ಅಂಡಾಣು ಹೊರತೆಗೆದು, ಭ್ರೂಣ ಮಾಡಿ ಒಳಗಿಡುವ ಐವಿಎಫ್‌ನ ಒಂದು ಸುತ್ತಿಗೆ ಒಂದೂವರೆ, ಎರಡು ಲಕ್ಷ ರೂಪಾಯಿ ಸಾಮಾನ್ಯ. ಸಂತಾನ ಚಿಕಿತ್ಸೆ ಆಯುಷ್ಮಾನ್ ಕಾರ್ಡಿನಲ್ಲಿ ಬರುವುದಿಲ್ಲ.

ಎಎಂಎಚ್ ಎಂಬುದು ಅಂಡಾಶಯದ ಸಣ್ಣ ಸಣ್ಣ ಕೋಶಕಗಳು ಸ್ರವಿಸುವ ಒಂದು ಹಾರ್ಮೋನು. ಅದು ಹೆಚ್ಚಿದ್ದರೆ ಅಂಡಾಣುಗಳ ದಾಸ್ತಾನು ಹೆಚ್ಚು, ಕಡಿಮೆಯಿದ್ದರೆ ಕಡಿಮೆ ಎಂದು ಊಹಿಸಬಹುದು. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ ಉಳಿದಿರುತ್ತವೆ. ಜೀವಮಾನದಲ್ಲಿ ಬಲಿತು ಹೊರಬರುವುದು ನಾನೂರು, ಐನೂರು ಮಾತ್ರ. ಮಿಕ್ಕದ್ದೆಲ್ಲ ಒಳಗೊಳಗೇ ಕರಗಿಹೋಗುತ್ತದೆ. ಹೊಸದಾಗಿ ಒಂದೂ ಹುಟ್ಟುವುದಿಲ್ಲ.

ನಮ್ಮ ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು; ಹಾಗಾಗಿ ಎಷ್ಟು ಪಲ್ಲ ಉಳಿದಿದೆ ಎಂಬ ಒಂದೇ ಲೆಕ್ಕ ಸಾಕಾಗುತ್ತಿತ್ತು. ಅಂಡಾಣುವಿನ ವಿಷಯದಲ್ಲಿ ಆ ಲೆಕ್ಕ ಸಾಲದು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅರ್ಧ ವಿಭಜನೆಗೊಂಡು ನಿಂತ ಜೀವಕೋಶ ಅದು. ಮೂವತ್ತೈದು, ನಲವತ್ತು ವರ್ಷ ಹಾಗೇ ಕಾದು, ಕೊನೆಗೆ ವಿಭಜನೆ ಮುಂದುವರಿಸುವಾಗ ಕ್ರೋಮೋಸೋಮುಗಳು ಎಷ್ಟೋ ಸಲ ಸರಿಯಾಗಿ ಬೇರ್ಪಡುವುದಿಲ್ಲ. ನಲವತ್ತರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಭ್ರೂಣಗಳಲ್ಲಿ ಈ ದೋಷ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಗರ್ಭಕೋಶದಲ್ಲಿ ಅಂಟುವುದೇ ಇಲ್ಲ, ಅಂಟಿದರೂ ಬಹಳಷ್ಟು ಗರ್ಭಪಾತವಾಗುತ್ತವೆ. ಎಷ್ಟು ಉಳಿದಿವೆ ಎಂಬುದನ್ನು ಎಎಂಎಚ್ ಹೇಳೀತು. ಬಿತ್ತಿದರೆ ಮೊಳೆಯುತ್ತದೆಯೇ ಎಂಬುದನ್ನು ಹೇಳುವುದು ವಯಸ್ಸು.

ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬಳಿಗೆ 28, ಎಎಂಎಚ್ 0.8. ಇನ್ನೊಬ್ಬಳಿಗೆ 42, ಎಎಂಎಚ್ 3. ಮೊದಲನೆಯವಳಿಗೆ ಅಂಡಾಣು ಬಲಿಸುವ ಇಂಜೆಕ್ಷನ್ ಕೊಟ್ಟರೆ ಸಿಗುವುದು ಮೂರೋ ನಾಲ್ಕೋ ಅಂಡಾಣು. ಆದರೆ ಅವು 28 ವರ್ಷದವು. ಎರಡನೆಯವಳಿಗೆ ಹತ್ತು, ಹನ್ನೆರಡು ಸಿಕ್ಕಾವು. ಅವುಗಳಿಗೂ 42 ವರ್ಷ. ಬ್ರಿಟನ್ನಿನ ಸಂತಾನ ಚಿಕಿತ್ಸಾ ನಿಯಂತ್ರಣ ಸಂಸ್ಥೆ ವರ್ಷವರ್ಷ ಪ್ರಕಟಿಸುವ ಲೆಕ್ಕದಲ್ಲಿ, ಸ್ವಂತ ಅಂಡಾಣುವಿನಿಂದಾದ ಭ್ರೂಣವನ್ನು ಒಳಗಿಟ್ಟಾಗ 35ರೊಳಗಿನವರಲ್ಲಿ ಸುಮಾರು ಮೂರಕ್ಕೆ ಒಂದು ಮಗುವಾಗುತ್ತದೆ. 43, 44ರಲ್ಲಿ ಅದು ನೂರಕ್ಕೆ ಐದರ ಆಸುಪಾಸು. ಅದೂ ಒಳಗಿಡಲು ಭ್ರೂಣವೊಂದು ಸಿಕ್ಕವರ ಲೆಕ್ಕ. ಆದರೂ ರಿಪೋರ್ಟು ನೋಡಿ ಬಸ್ಸಿನಲ್ಲಿ ಅಳುವವಳು ಮೊದಲನೆಯವಳು. ಎರಡನೆಯವಳಿಗೆ “ಎಎಂಎಚ್ ಚೆನ್ನಾಗಿದೆ, ಯೋಚನೆ ಮಾಡಬೇಡಿ” ಎಂಬ ಸಮಾಧಾನ ಸಿಗುತ್ತದೆ. ಹೆದರಬೇಕಿಲ್ಲದವಳನ್ನು ಹೆದರಿಸಿ, ಎಚ್ಚರಿಸಬೇಕಾದವಳಿಗೆ ಸಮಾಧಾನ ಹೇಳುವುದೇ ಈ ಪರೀಕ್ಷೆಯ ಬಳಕೆಯಲ್ಲಿರುವ ದೊಡ್ಡ ಕೆಡುಕು.

ಪರೀಕ್ಷೆಯನ್ನೇ ತೆಗೆದುಹಾಕಿ ಎನ್ನುತ್ತಿಲ್ಲ. ಇಂಜೆಕ್ಷನ್ನಿನ ಪ್ರಮಾಣ ನಿರ್ಧರಿಸಲು, ಅಂಡಾಶಯ ಅತಿಯಾಗಿ ಊದಿ ಜೀವಕ್ಕೇ ಸಂಚಕಾರವಾಗುವುದನ್ನು ತಪ್ಪಿಸಲು ಅದು ಬೇಕೇ ಬೇಕು. ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆಯೂ ಉಪಯೋಗಕ್ಕೆ ಬರುತ್ತದೆ. ಆದರೆ ತಾನಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬ ಭವಿಷ್ಯ ಹೇಳಲು ಅದಕ್ಕೆ ಬರುವುದಿಲ್ಲ. ಅಮೆರಿಕದ ‘ಜಾಮಾ’ ಪತ್ರಿಕೆಯಲ್ಲಿ 2017ರಲ್ಲಿ ಬಂದ ಅಧ್ಯಯನವೊಂದು 30ರಿಂದ 44 ವರ್ಷದ 750 ಮಹಿಳೆಯರನ್ನು ಹಿಂಬಾಲಿಸಿತ್ತು. ಎಎಂಎಚ್ 0.7ಕ್ಕಿಂತ ಕೆಳಗಿದ್ದವರು ಗರ್ಭ ಧರಿಸುವ ಸಾಧ್ಯತೆ ಉಳಿದವರಿಗಿಂತ ಕಡಿಮೆಯೇನೂ ಇರಲಿಲ್ಲ. ಅವರ್ಯಾರೂ ಬಂಜೆತನದ ಚಿಕಿತ್ಸೆಗೆ ಬಂದವರಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಇನ್ನು ಭಾರತೀಯ ಹೆಂಗಸರ ಅಂಡಾಶಯ ಆರು ವರ್ಷ ಮುಂಚೆ ಮುಪ್ಪಾಗುತ್ತದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದರ ಮೂಲ ಸ್ಪೇನಿನ ಹೆಂಗಸರ ಜೊತೆ ಹೋಲಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಲ್ಲಿ ಹೋಲಿಸಿದ್ದು ಐವಿಎಫ್‌ಗೆ ಬಂದವರನ್ನು. ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ನೋಡಿ ಇಡೀ ಊರಿಗೆ ಜ್ವರ ಎಂದಂತಾಯಿತು.

ವಯಸ್ಸಿನ ಮಾತನ್ನು ನೇರವಾಗಿ ಆಡಲು ನಮಗೆ ಸಂಕೋಚ, ಪತ್ರಿಕೆಗಳಿಗೆ ಅದು ಬೇಡದ ಸುದ್ದಿ. 2019ರ ಸೆಪ್ಟೆಂಬರಿನಲ್ಲಿ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅವಳಿ ಮಕ್ಕಳನ್ನು ಹೆತ್ತಾಗ ಎಲ್ಲರೂ ಪವಾಡ ಎಂದರು. ಅಂಡಾಣು ದಾನಿಯದು ಎಂಬುದು ಸುದ್ದಿಯ ಕೆಳಗಿನ ಸಾಲುಗಳಲ್ಲೆಲ್ಲೋ ಇತ್ತು. ಗರ್ಭಕೋಶಕ್ಕೆ ಅಂಡಾಶಯದಷ್ಟು ಬೇಗ ಮುಪ್ಪಿಲ್ಲ. ದಾನಿಯ ಅಂಡಾಣು ಬಳಸಿದಾಗ ಫಲಿತಾಂಶ ಹೆಚ್ಚುಕಡಿಮೆ ದಾನಿಯ ವಯಸ್ಸನ್ನೇ ಅನುಸರಿಸುತ್ತದೆ. ಇದನ್ನು ತಿಳಿಯದವರು “ಎಪ್ಪತ್ತಕ್ಕೇ ಆಗಿದೆಯಂತೆ, ನಿನಗಿನ್ನೂ ನಲವತ್ತು” ಎಂದು ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು, ನಾಗರಕಲ್ಲಿಗೆ ಹಾಲೆರೆದು ಎರಡು ವರ್ಷ ಕಳೆಯುತ್ತಾರೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ಡಾಕ್ಟರ ಹತ್ತಿರ ಹೋಗಿಬಂದ ಸಂಜೆಯೂ ಹಾಲೆರೆಯಬಹುದು. 35 ದಾಟಿದವರು ಗರ್ಭ ನಿಂತೀತೆಂದು ಒಂದು ವರ್ಷ ಕಾಯಬಾರದು, ಆರು ತಿಂಗಳಿಗೇ ತೋರಿಸಬೇಕು ಎನ್ನುವುದು ವೈದ್ಯಲೋಕ ಒಪ್ಪಿದ ನಿಯಮ. ಗರ್ಭಕೋಶದ ಒಳಪೊರೆಯಂಥದ್ದು ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್‌ಗೆ ಅಂಡಾಶಯದ ಆಪರೇಷನ್ ಆದವರು ಅಷ್ಟೂ ಕಾಯುವುದು ಬೇಡ.

ಆ ಹುಡುಗಿಯ “ಅವ್ರಿಗೇನಾಗದೆ” ಎಂಬ ಮಾತು ಇನ್ನೂ ಕಿವಿಯಲ್ಲಿದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆಗೆ ಕೆಲವು ನೂರು ರೂಪಾಯಿ ಸಾಕು. ಅದನ್ನು ಬಿಟ್ಟು ಅದಕ್ಕಿಂತ ದುಬಾರಿಯಾದ ಎಎಂಎಚ್ ಮೊದಲು ಬರೆಯುವುದು ಎಂಥ ವೈದ್ಯಕೀಯವೋ ನನಗೆ ಅರ್ಥವಾಗಿಲ್ಲ. ಮಕ್ಕಳಿಲ್ಲದ್ದರ ಹೊರೆ ಹೆಂಗಸಿನ ಮೇಲೇ ಬೀಳುವುದು ಹೊಸದಲ್ಲ. ಪಕ್ಕದ ಗುಬ್ಬಿ ಸೀಮೆಯಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದವರು. ಹುಲಿಕಲ್–ಕುದೂರು ರಸ್ತೆಯ ಆಲದ ಸಾಲನ್ನು ಅವರೂ ಗಂಡ ಚಿಕ್ಕಯ್ಯನೂ ಇಬ್ಬರೂ ನೀರು ಹೊತ್ತು ಬೆಳೆಸಿದರು. ಆದರೂ ಶಾಲೆಯ ಭಾಷಣದಿಂದ ಹಿಡಿದು ಪದ್ಮಶ್ರೀ ಸುದ್ದಿಯವರೆಗೆ “ಮಕ್ಕಳಿಲ್ಲದ ತಿಮ್ಮಕ್ಕ” ಎಂದೇ ಕೇಳಿದ್ದೇನೆ. “ಮಕ್ಕಳಿಲ್ಲದ ಚಿಕ್ಕಯ್ಯ” ಎಂದು ಒಬ್ಬರೂ ಅಂದದ್ದು ಕೇಳಿಲ್ಲ.

ಈಚೆಗೆ ಇನ್ನೊಂದು ಸರಕು ಬಂದಿದೆ. ನಮ್ಮದೇ ರಕ್ತದ ಪ್ಲೇಟ್‌ಲೆಟ್ ತೆಗೆದು ಅಂಡಾಶಯಕ್ಕೆ ಚುಚ್ಚಿ ಮರುಯೌವನ ತರುತ್ತೇವೆ ಎನ್ನುವುದು. ಯುರೋಪಿನ ಸಂತಾನ ವೈದ್ಯರ ಸಂಘ 2023ರಲ್ಲೇ ಇದನ್ನು ಶಿಫಾರಸು ಮಾಡುವುದಿಲ್ಲ ಎಂದಿದೆ. ಹೆಚ್ಚು ಹೇಳುವುದೇನಿಲ್ಲ.

2022ರ ಜನವರಿಯಲ್ಲಿ ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಚಿಕಿತ್ಸೆಗೆ ಹೆಂಗಸಿಗೆ 50, ಗಂಡಸಿಗೆ 55 ವರ್ಷದ ಮಿತಿ ಹಾಕಿತು. ಅಂಡಾಣು ದಾನಿ 23ರಿಂದ 35ರೊಳಗಿರಬೇಕು, ಬದುಕಿನಲ್ಲಿ ಒಂದೇ ಸಲ ಕೊಡಬೇಕು ಎಂದಿತು. ಜನ ಇದನ್ನೇ ಚರ್ಚಿಸಿದರು. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಯಾರೂ ಗಮನಿಸದ ಇನ್ನೊಂದು ಅಂಶ: ಚಿಕಿತ್ಸೆ ಫಲಿಸುವ ಸಾಧ್ಯತೆ ಎಷ್ಟು, ಖರ್ಚೆಷ್ಟು, ಅಪಾಯವೇನು ಎಂಬುದನ್ನು ಕ್ಲಿನಿಕ್ಕು ದಂಪತಿಗೆ ತಿಳಿಸಲೇಬೇಕು. ಗೋಡೆ ಜಾಹೀರಾತಿನ “ಶೇಕಡ 80 ಯಶಸ್ಸು” ಆ ಮಾಹಿತಿಯಲ್ಲ. ಅಲ್ಲಿ ಯಶಸ್ಸು ಎಂದರೆ ರಕ್ತಪರೀಕ್ಷೆ ಪಾಸಿಟಿವ್ ಆದದ್ದೋ, ಮಗು ಮನೆಗೆ ಬಂದದ್ದೋ? ಎಷ್ಟು ವಯಸ್ಸಿನವರಲ್ಲಿ? ಯಾರ ಅಂಡಾಣುವಿನಿಂದ?

ಹೆಬ್ಬೂರಿನಲ್ಲಿ ಇಳಿಯುವ ಮುಂಚೆ ಅವಳ ರಿಪೋರ್ಟಿನ ಹಿಂದೆ ನಾನು ಬರೆದುಕೊಟ್ಟದ್ದು ಎರಡು ಸಾಲು. ಮೊದಲು ಗಂಡನ ಪರೀಕ್ಷೆ. ಆಮೇಲೂ ಐವಿಎಫ್ ಬೇಕೆಂದರೆ ಕೇಳಬೇಕಾದ್ದು: “ಹೋದ ವರ್ಷ ಇಲ್ಲಿ ನನ್ನ ವಯಸ್ಸಿನ ಎಷ್ಟು ಜನ ಸ್ವಂತ ಅಂಡಾಣುವಿನಿಂದ ಚಿಕಿತ್ಸೆ ಶುರುಮಾಡಿದರು, ಅವರಲ್ಲಿ ಎಷ್ಟು ಜನ ಮಗು ಎತ್ತಿಕೊಂಡು ಮನೆಗೆ ಹೋದರು? ಬರೆದುಕೊಡಿ.” ನೀವೂ ಇದನ್ನೇ ಕೇಳಿ. ಬರೆದುಕೊಡದಿದ್ದರೆ ಮುಂಗಡ ಕಟ್ಟಬೇಡಿ.