ಎಲ್ಲರಿಗೂ ಅಕ್ಷರ – ಆದರೆ ಎಷ್ಟು ಅಕ್ಷರ?

ಒಂದು ತರಗತಿಯನ್ನು ಊಹಿಸಿಕೊಳ್ಳಿ. ಗಾಲಿಕುರ್ಚಿಯಲ್ಲಿ ಕುಳಿತ ಒಂಬತ್ತು ವರ್ಷದ ಮಗು. ಮಾತು ಬಂದಿಲ್ಲ, ಬೆರಳುಗಳು ಹೇಳಿದ ಹಾಗೆ ಕೇಳುವುದಿಲ್ಲ. ಶಿಕ್ಷಕಿ ಮಗುವಿನ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗೆ ಹಿಡಿದು ಚುಕ್ಕೆಗಳ ಮೇಲೆ ‘ಅ’ ತಿದ್ದಿಸುತ್ತಾರೆ. ಪುಟ ತುಂಬುತ್ತದೆ. ಸಂಜೆ ತಾಯಿಗೆ ತೋರಿಸಿದಾಗ ಅವರಿಗೂ ಸಂತೋಷ. ಈಗ ಹೇಳಿ, ಆ ‘ಅ’ ಬರೆದವರು ಯಾರು?

ಕ್ಯಾರೆನ್ ಎರಿಕ್ಸನ್ ಮತ್ತು ಡೇವಿಡ್ ಕೊಪ್ಪೆನ್‌ಹೇವರ್ ಅವರ ‘ಕಾಂಪ್ರಿಹೆನ್ಸಿವ್ ಲಿಟರಸಿ ಫಾರ್ ಆಲ್’ ಓದಿದ ಮೇಲೆ ಈ ಪ್ರಶ್ನೆಯನ್ನು ಕೇಳದೆ ಇರಲಾಗುವುದಿಲ್ಲ. ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗೆ ಓದು ಬರಹ ಕಲಿಸುವ ಬಗೆಯನ್ನು ಕುರಿತ ಈ ಇಂಗ್ಲಿಷ್ ಪುಸ್ತಕ 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಇಬ್ಬರೂ ದಶಕಗಳಿಂದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಇದೇ ಕೆಲಸದಲ್ಲಿ ತೊಡಗಿದವರು. ಕಾನೂನಿನಲ್ಲಿ ನಾವು ಹಿಂದುಳಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದೆ. ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೂ ಓದು ಬರಹ ಎನ್ನುವ ನಿಪುಣ್ ಭಾರತ್ ಯೋಜನೆ 2021ರಲ್ಲಿ ಆರಂಭವಾಗಿದೆ. ಆದರೆ ಮೇಲೆ ಹೇಳಿದ ಮಗುವಿನ ಮುಂದೆ ಕುಳಿತ ಶಿಕ್ಷಕಿ ನಾಳೆ ಬೆಳಿಗ್ಗೆ ಏನು ಮಾಡಬೇಕು? ಕಾಯಿದೆ ಅದನ್ನು ಹೇಳುವುದಿಲ್ಲ. ಈ ಪುಸ್ತಕ ಹೇಳುತ್ತದೆ.

ಲೇಖಕರು ಮೊದಲು ಕೆಡವುವುದು ‘ಸಿದ್ಧತೆ’ ಎಂಬ ಕಲ್ಪನೆಯನ್ನು. ಮಗು ಮಾತಾಡಿದ ಮೇಲೆ, ಒಂದೆಡೆ ಕೂರುವುದನ್ನು ಕಲಿತ ಮೇಲೆ, ಬಣ್ಣ ಗುರುತಿಸಿದ ಮೇಲೆ ಅಕ್ಷರ ಎಂದು ಕಾಯುತ್ತ ಹೋದರೆ ಕೆಲವು ಮಕ್ಕಳಿಗೆ ಆ ದಿನ ಬರುವುದೇ ಇಲ್ಲ. ಇಲ್ಲಿ ನೆನೆಯಬೇಕಾದದ್ದು 1984ರಲ್ಲಿ ಆನ್ ಡೊನೆಲನ್ ಮಂಡಿಸಿದ ಒಂದು ಸೂತ್ರ: ಖಚಿತ ಮಾಹಿತಿ ಇಲ್ಲದಾಗ, ತಪ್ಪೆಂದು ತಿಳಿದರೂ ಮಗುವಿಗೆ ಅತಿ ಕಡಿಮೆ ಹಾನಿ ಮಾಡುವ ಊಹೆಯನ್ನೇ ಹಿಡಿದು ಹೊರಡಬೇಕು. ‘ಈ ಮಗು ಕಲಿಯಬಲ್ಲದು’ ಎಂಬುದು ತಪ್ಪಾದರೆ ನಷ್ಟ ಸ್ವಲ್ಪ. ‘ಕಲಿಯಲಾರದು’ ಎಂಬುದು ತಪ್ಪಾದರೆ ಒಂದು ಜೀವನವೇ ನಷ್ಟ.

ಎರಡನೆಯದು, ಪದಗಳನ್ನು ಚಿತ್ರಗಳಂತೆ ಬಾಯಿಪಾಠ ಮಾಡಿಸುವ ರೂಢಿ. ‘ನಿಲ್ಲಿ’, ‘ಅಪಾಯ’, ‘ಮಹಿಳೆಯರು’ ಎಂಬ ಹತ್ತಿಪ್ಪತ್ತು ಫಲಕಗಳನ್ನು ಗುರುತಿಸಿದರೆ ಸಾಕು ಎಂಬ ಧೋರಣೆ ಅಮೆರಿಕದಲ್ಲೂ ದೀರ್ಘಕಾಲ ಇತ್ತು. ಡಯಾನ್ ಬ್ರೌಡರ್ ಮತ್ತು ಸಂಗಡಿಗರು 2006ರಲ್ಲಿ ಇಂಥ ಮಕ್ಕಳ ಓದಿನ ಬಗೆಗಿನ 128 ಅಧ್ಯಯನಗಳನ್ನು ಪರಿಶೀಲಿಸಿದಾಗ, ಹೆಚ್ಚಿನವು ಈ ಬಗೆಯ ಪದ ಗುರುತಿಸುವಿಕೆಗೇ ಸೀಮಿತವಾಗಿದ್ದವು. ಕಲಿಸಿದ ಪದ ಬರುತ್ತದೆ, ಕಲಿಸದ ಪದ ಬರುವುದಿಲ್ಲ, ಅದು ಓದಲ್ಲ.

ಇವಕ್ಕೆ ಬದಲಾಗಿ ಲೇಖಕರು ಐದು ದೈನಂದಿನ ಕೆಲಸಗಳನ್ನು ಸೂಚಿಸುತ್ತಾರೆ: ಅಕ್ಷರಗಳ ಮತ್ತು ಧ್ವನಿಗಳ ಪರಿಚಯ, ಜೊತೆಗೂಡಿ ಓದುವುದು, ಒಂದೇ ಮಾದರಿಯ ವಾಕ್ಯಗಳನ್ನು ಎಲ್ಲರೂ ಸೇರಿ ಬರೆಯುವುದು, ತಾನೇ ಆರಿಸಿದ ಪುಸ್ತಕವನ್ನು ನೋಡುವುದು, ಪೂರ್ತಿ ವರ್ಣಮಾಲೆ ಬಳಸಿ ಸ್ವತಂತ್ರವಾಗಿ ಬರೆಯುವುದು. ಜೊತೆಗೂಡಿ ಓದುವ ಅಧ್ಯಾಯ ಚೆನ್ನಾಗಿದೆ. ದೊಡ್ಡವರು ಪ್ರಶ್ನೆಗಳ ಮಳೆ ಸುರಿಸದೆ, ಪುಟದ ಬಗ್ಗೆ ಒಂದು ಮಾತಾಡಿ, ಸುಮ್ಮನೆ ಕಾಯಬೇಕು ಎನ್ನುತ್ತದೆ. ಕಾಯುವುದು ನಮಗೆ ಎಷ್ಟು ಕಷ್ಟ ಎಂಬುದು ಒಮ್ಮೆ ಪ್ರಯತ್ನಿಸಿದರೆ ನಿಮಗೇ ತಿಳಿಯುತ್ತದೆ.

ಪುಸ್ತಕದ ನಿಜವಾದ ಬೆಲೆ ಇರುವುದು ಸ್ವತಂತ್ರ ಬರಹದ ಭಾಗದಲ್ಲಿ. ಪೆನ್ಸಿಲ್ ಹಿಡಿಯಲಾಗದ ಮಗುವಿಗೆ ಬದಲಿ ‘ಪೆನ್ಸಿಲ್’ ಬೇಕು. ಅದು ಕೀಲಿಮಣೆಯಾಗಬಹುದು, ಕಣ್ಣೋಟದಿಂದ ಆರಿಸುವ ಪಾರದರ್ಶಕ ಹಲಗೆಯಾಗಬಹುದು, ಅಥವಾ ಅಕ್ಷರಗಳನ್ನು ಸಾಲುಸಾಲಾಗಿ ಬರೆದ ರಟ್ಟಿನ ಪುಟಗಳಾಗಬಹುದು. ರಟ್ಟಿನ ಪುಟವಾದರೆ ಜೊತೆಗಾರರು ಒಂದೊಂದೇ ಅಕ್ಷರವನ್ನು ತೋರಿಸಿ ಹೇಳುತ್ತಾರೆ; ಬೇಕಾದದ್ದು ಬಂದಾಗ ಮಗು ತಲೆಯಾಡಿಸುತ್ತದೆ ಅಥವಾ ಒಂದು ಗುಂಡಿ ಒತ್ತುತ್ತದೆ. ಎರಡು ನಿಯಮಗಳಿವೆ. ಅಕ್ಷರಗಳು ಎಲ್ಲವೂ ಇರಬೇಕು, ‘ಇವನಿಗೆ ಐದು ಸಾಕು’ ಎನ್ನುವಂತಿಲ್ಲ. ಆರಿಸಿದ್ದು ಅರ್ಥವಿಲ್ಲದ ಗೀಚಾಟವಾದರೂ ಅದನ್ನು ಬರಹವೆಂದೇ ಎಣಿಸಬೇಕು. ಎಲ್ಲ ಮಕ್ಕಳೂ ಮೊದಲು ಗೀಚಿಯೇ ಅಲ್ಲವೆ ಬರೆಯಲು ಕಲಿಯುವುದು? ಕೈ ಹಿಡಿದು ತಿದ್ದಿಸಿದ ಪುಟ ತುಂಬ ‘ಅ’ಗಿಂತ, ಮಗು ತಾನಾಗಿ ಆರಿಸಿದ ಒಂದು ‘ಟ’ ದೊಡ್ಡದು.

ಇಲ್ಲಿಯವರೆಗೆ ಮೆಚ್ಚುಗೆ. ತೊಡಕು ಶುರುವಾಗುವುದು ಪುಸ್ತಕವನ್ನು ಮಡಿಚಿಟ್ಟು ಕನ್ನಡ ಮಗುವಿನ ಮುಂದೆ ಕುಳಿತಾಗ. ಪುಸ್ತಕದ ಲೆಕ್ಕಾಚಾರವೆಲ್ಲ 26 ಅಕ್ಷರಗಳದ್ದು. ದಿನಕ್ಕೊಂದು ಅಕ್ಷರ ಎನ್ನುತ್ತಾರೆ ಲೇಖಕರು; ಒಂದು ಸುತ್ತು ಮುಗಿದ ಕೂಡಲೇ, ಬಂದಿರಲಿ ಬಿಡಲಿ, ಮತ್ತೆ ಮೊದಲಿನಿಂದ. ಅಲ್ಲಿನ 180 ದಿನಗಳ ಶಾಲಾ ವರ್ಷದಲ್ಲಿ ಆರು ಸುತ್ತುಗಳಿಗೂ ಹೆಚ್ಚು ಆಗುತ್ತವೆ. ನಮ್ಮಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಕಾಗುಣಿತದ ರೂಪಗಳನ್ನು ಎಣಿಸಿದರೆ 34ನ್ನು 13ರಿಂದ ಗುಣಿಸಿ 442, ಒತ್ತಕ್ಷರಗಳು ಬೇರೆ. ದಿನಕ್ಕೊಂದರಂತೆ ಹೋದರೆ 200 ದಿನಗಳ ಶಾಲಾ ವರ್ಷದಲ್ಲಿ ಕಾಗುಣಿತದ ಅರ್ಧವೂ ಮುಗಿಯುವುದಿಲ್ಲ. ಮರುಸುತ್ತೇ ಈ ವಿಧಾನದ ಜೀವಾಳವಾದ್ದರಿಂದ, ಹಾಗೆ ಮಾಡಿದರೆ ವಿಧಾನವೇ ಸತ್ತಂತೆ.

ಇನ್ನೊಂದು ತೊಡಕು ಇದಕ್ಕಿಂತ ಗಂಭೀರ. ಮಗು ಆರಂಭಿಕ ಹಂತದಲ್ಲಿದೆಯೋ ಅದನ್ನು ದಾಟಿದೆಯೋ ಎಂದು ತಿಳಿಯಲು ಲೇಖಕರು ನಾಲ್ಕು ಪ್ರಶ್ನೆ ಕೇಳುತ್ತಾರೆ. ಹೆಚ್ಚಿನ ಅಕ್ಷರಗಳು ಹೆಚ್ಚಿನ ವೇಳೆ ಗೊತ್ತಾಗುತ್ತವೆಯೆ? ಜೊತೆಗೂಡಿ ಓದುವಾಗ ಆಸಕ್ತಿ ಇದೆಯೆ? ಅನಿಸಿದ್ದನ್ನು ತಿಳಿಸಲು ಏನಾದರೊಂದು ದಾರಿ ಇದೆಯೆ? ಬರಹ ಅಕ್ಷರ ಮತ್ತು ಪದಗಳಿಂದ ಆದದ್ದೆಂಬ ಅರಿವಿದೆಯೆ? ನಾಲ್ಕಕ್ಕೂ ‘ಹೌದು’ ಬಂದರೆ ಮಾತ್ರ ಮುಂದಿನ ಹಂತದ ಪಾಠ. ಈಗ ಮೊದಲ ಪ್ರಶ್ನೆಯನ್ನು ಕನ್ನಡಕ್ಕೆ ತಂದು ನೋಡಿ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡದ ಅಕ್ಷರಜ್ಞಾನ ಸಾಮಾನ್ಯ ಮಕ್ಕಳಲ್ಲೂ ನಾಲ್ಕನೆಯ ತರಗತಿಯವರೆಗೆ ಬೆಳೆಯುತ್ತಲೇ ಇರುತ್ತದೆ. ‘ಅಕ್ಷರ’ ಎಂದರೆ ಕಾಗುಣಿತವೂ ಸೇರಿ ಎಂದು ಶಿಕ್ಷಕರು ಅರ್ಥಮಾಡಿಕೊಂಡರೆ, ಯಾವ ವೈಕಲ್ಯವೂ ಇಲ್ಲದ ಮಗುವೇ ವರ್ಷಗಟ್ಟಲೆ ಈ ಪರೀಕ್ಷೆಯಲ್ಲಿ ನಪಾಸು. ತೀವ್ರ ಅಂಗವೈಕಲ್ಯವುಳ್ಳ ಮಗುವಂತೂ ಶಾಲೆ ಬಿಡುವವರೆಗೂ ‘ಆರಂಭಿಕ’ ಮಗುವಾಗಿಯೇ ಉಳಿದೀತು. ಸಿದ್ಧತೆಯ ಹೆಸರಿನ ಗೋಡೆಯನ್ನು ಕೆಡವಲು ಹೊರಟ ಪುಸ್ತಕ, ಭಾಷೆ ಬದಲಾದಾಗ ಅದನ್ನೇ ಮತ್ತೆ ಕಟ್ಟಿಕೊಡುತ್ತದೆ.

ಇದು ಲೇಖಕರ ತಪ್ಪಲ್ಲ, ಅವರು ಬರೆದದ್ದು ಇಂಗ್ಲಿಷಿಗೆ. ಆದರೆ ಅನುವಾದ ಮಾಡಿ ತರಬೇತಿಯಲ್ಲಿ ಹಂಚುವವರು ಇದನ್ನು ಗಮನಿಸದಿದ್ದರೆ ತಪ್ಪು ನಮ್ಮದಾಗುತ್ತದೆ. ಪರಿಹಾರವೇನೂ ದೂರವಿಲ್ಲ. ಗಣಕದಲ್ಲಿ ಕನ್ನಡ ಬೆರಳಚ್ಚು ಮಾಡುವವರು 442 ಕೀಲಿಗಳನ್ನು ಬಳಸುವುದಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಮೊದಲು ವ್ಯಂಜನ, ಅನಂತರ ಸ್ವರ. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯೇ ಸಾಕು. ಬ್ರೈಲ್ ಕನ್ನಡದಲ್ಲೂ ಸ್ವರಕ್ಕೆ ಬೇರೆಯೇ ಮನೆ. ಅದೇ ರೀತಿ 49 ಮೂಲಾಕ್ಷರಗಳು, 12 ಸ್ವರಚಿಹ್ನೆಗಳು ಎಂದು ಹಿಡಿದರೆ ಒಂದು ಸುತ್ತಿಗೆ 61 ದಿನ. ವರ್ಷಕ್ಕೆ ಮೂರು ಸುತ್ತು.

ರಟ್ಟಿನ ಪೆನ್ಸಿಲ್ಲಿನ ವಿಷಯದಲ್ಲಿ ನಮ್ಮ ವರ್ಣಮಾಲೆಗೆ ಒಂದು ಅನುಕೂಲವೇ ಇದೆ. ಕ ವರ್ಗ, ಚ ವರ್ಗ ಎಂದು ಐದೈದರ ಸಾಲುಗಳು ಮೊದಲೇ ಸಿದ್ಧ. ಜೊತೆಗಾರರು ಮೊದಲು ಸಾಲು ಕೇಳಿ, ಅನಂತರ ಸಾಲಿನೊಳಗೆ ಅಕ್ಷರ ಕೇಳುತ್ತಾರೆಂದುಕೊಳ್ಳಿ. ‘ಕ’ಕ್ಕೆ ಎರಡು ಪ್ರಶ್ನೆ, ಐದನೆಯ ಸಾಲಿನ ಕೊನೆಯಲ್ಲಿರುವ ‘ಮ’ಕ್ಕೆ ಹತ್ತು, ಆರನೆಯ ಸಾಲಿನಲ್ಲಿ ಮೂರನೆಯದಾದ ‘ಲ’ಕ್ಕೆ ಒಂಬತ್ತು. ಸ್ವರ ಸೇರಿಸಬೇಕೇ ಎಂಬ ಪ್ರಶ್ನೆಯನ್ನು ಬಿಟ್ಟರೆ ‘ಕಮಲ’ ಬರೆಯಲು 21 ಪ್ರಶ್ನೆಗಳು. ನಿಧಾನವೇ ಸರಿ, ಅಸಾಧ್ಯವಲ್ಲ. ಸ್ವರಗಳಿಗೆ ಇನ್ನೊಂದು ಪುಟ, ಅದರಲ್ಲಿ ಮೂರು ಸಾಲು. ಮಗು ಸ್ವರ ಬಿಟ್ಟು ‘ಮರ’ ಎಂದು ಆರಿಸಿದಾಗ ಅದು ಮರವೋ, ಮಾರಿಯೋ, ಮೀರಳೋ? ಅದನ್ನು ಹೇಗೆ ಓದಬೇಕು, ಹೇಗೆ ಮೆಲ್ಲನೆ ತಿದ್ದಬೇಕು ಎಂಬುದಕ್ಕೆ ಇಂಗ್ಲಿಷ್ ಪುಸ್ತಕದಲ್ಲಿ ಉತ್ತರ ಹುಡುಕಬೇಡಿ.

ಪುರಾವೆಯ ಮಾತಿಗೆ ಬರೋಣ, ವಿಜ್ಞಾನದ ಓದುಗರು ಅದನ್ನು ಕೇಳಿಯೇ ಕೇಳುತ್ತೀರಿ. ಪುಸ್ತಕ ಆಧರಿಸುವ ಸಂಶೋಧನೆಯ ದೊಡ್ಡ ಪಾಲು ಸಾಮಾನ್ಯ ಮಕ್ಕಳ ಮೇಲೆ ನಡೆದದ್ದು. ಐದೂ ಕೆಲಸಗಳನ್ನು ಒಟ್ಟಾಗಿ, ಹೋಲಿಕೆಯ ಗುಂಪಿನೊಂದಿಗೆ, ಹೆಚ್ಚು ಮಕ್ಕಳ ಮೇಲೆ ಪರೀಕ್ಷಿಸಿದ ಪ್ರಯೋಗದ ಬಲ ಅದಕ್ಕಿಲ್ಲ. ಹಂತಹಂತವಾಗಿ ಧ್ವನಿ-ಅಕ್ಷರ ಸಂಬಂಧ ಕಲಿಸುವ ಕ್ರಮಕ್ಕೆ ಇದಕ್ಕಿಂತ ಗಟ್ಟಿ ಆಧಾರವಿದೆ: ಜಿಲ್ ಆಲರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ, 40ರಿಂದ 80ರ ಬುದ್ಧಿಸೂಚ್ಯಂಕದ 141 ಮಕ್ಕಳ ಅಧ್ಯಯನದಲ್ಲಿ ಅಂಥ ಪಾಠ ಪಡೆದವರು ಮುಂದೆ ಸಾಗಿದ್ದರು, ಆದರೆ ಅದಕ್ಕೆ ವರ್ಷಗಳೇ ಬೇಕಾದವು. ಮಾತೇ ಇಲ್ಲದ, ಕೈಯೂ ಆಡದ ಮಕ್ಕಳ ಬಗ್ಗೆ ಅದೂ ಹೆಚ್ಚು ಹೇಳುವುದಿಲ್ಲ. ಹಾಗಾಗಿ ಈ ಪುಸ್ತಕವನ್ನು ನಾನು ಸಿದ್ಧಪಡಿಸಿದ ಔಷಧವೆಂದು ಓದುವುದಿಲ್ಲ, ಅನುಭವಿ ವೈದ್ಯರ ಸಲಹೆಯೆಂದು ಓದುತ್ತೇನೆ.

ಕೊನೆಯ ಆಕ್ಷೇಪ ಮೊದಲ ಪ್ರಶ್ನೆಗೇ ಸಂಬಂಧಿಸಿದ್ದು. ಜೊತೆಗಾರರು ಅಕ್ಷರ ಹೇಳುತ್ತ ಹೋದಾಗ ಬರೆಯುತ್ತಿರುವುದು ಮಗುವೇ ಎಂದು ಹೇಗೆ ತಿಳಿಯುವುದು? 1990ರ ದಶಕದಲ್ಲಿ ಅಮೆರಿಕದಲ್ಲಿ ‘ಸಹಾಯಿತ ಸಂವಹನ’ ಎಂಬ ವಿಧಾನ ಭಾರಿ ಪ್ರಚಾರ ಪಡೆದಿತ್ತು. ಮಗುವಿನ ಕೈಗೆ ಆಸರೆ ಕೊಟ್ಟರೆ ಅದು ಕೀಲಿಮಣೆಯಲ್ಲಿ ವಾಕ್ಯಗಳನ್ನೇ ಬರೆಯುತ್ತದೆ ಎಂದರು. ಸಹಾಯಕರಿಗೊಂದು, ಮಗುವಿಗೊಂದು ಬೇರೆ ಬೇರೆ ಚಿತ್ರ ತೋರಿಸಿ ಪರೀಕ್ಷಿಸಿದಾಗ ಹೊರಬಂದ ಪದ ಸಹಾಯಕರು ನೋಡಿದ ಚಿತ್ರದ್ದು. ಅವರು ಮೋಸಗಾರರಲ್ಲ, ತಮಗರಿಯದೆಯೇ ಕೈ ನಡೆಸಿದ್ದರು. ರಟ್ಟಿನ ಪೆನ್ಸಿಲ್ ಇದಲ್ಲ; ಅಲ್ಲಿ ಮಗುವಿನ ಕೈ ಮುಟ್ಟುವುದಿಲ್ಲ, ‘ಹೌದು’ ಎನ್ನುವುದು ಮಗುವೇ. ಆದರೂ ಪ್ರಿಯವಾದ ಅಕ್ಷರದ ಬಳಿ ಅರೆಕ್ಷಣ ಹೆಚ್ಚು ನಿಲ್ಲುವುದು, ಅಸ್ಪಷ್ಟ ತಲೆಯಾಟವನ್ನು ‘ಹೌದು’ ಎಂದು ಓದುವುದು ಪ್ರೀತಿಯಿರುವ ಯಾರಿಗಾದರೂ ಸಹಜ. ಪುಸ್ತಕ ಇದಕ್ಕೆ ಇನ್ನಷ್ಟು ಜಾಗ ಕೊಡಬೇಕಿತ್ತು. ಪರೀಕ್ಷೆ ಕಷ್ಟವಲ್ಲ: ವಾರಕ್ಕೊಮ್ಮೆ, ಮಗು ನೋಡಿದ ಚಿತ್ರವೇನೆಂದು ತಿಳಿಯದ ಇನ್ನೊಬ್ಬರು ರಟ್ಟಿನ ಪುಟ ಹಿಡಿಯಲಿ. ಆರಿಸಿದ ಅಕ್ಷರಗಳನ್ನು ಆರಿಸಿದ ಕ್ರಮದಲ್ಲೇ, ತಿದ್ದದೆ, ದಿನಾಂಕ ಹಾಕಿ ಬರೆದಿಡಲಿ.